ಉಗ್ರಾಣದಲ್ಲಿ ನೀನಿದ್ದೆ

ಹರಿಣಾಕ್ಷಿ, ಅಂದು ನಿನ್ನನ್ನು ಹಿಡಿದುಕೊಟ್ಟವಳು ನಾನು. ಮನೆಯೊಡತಿ ಜೂಲಿಯಾನ ಬಾಯಿಯಲ್ಲ — ನಾನು.

ಮೂಡುಬಿದಿರೆಯಲ್ಲಿ ಅವರ ಮನೆಯ ಮಾಳಿಗೆಯಲ್ಲಿ ನಾನು ಬಾಡಿಗೆಗಿದ್ದೆ; ಎಲ್ಲರೂ ಅವರನ್ನು ಗೌರವದಿಂದ 'ಬಾಯಿ' ಎಂದೇ ಕರೆಯುತ್ತಿದ್ದುದು. ನಮ್ಮಿಬ್ಬರದೂ ಇಂಜಿನಿಯರಿಂಗ್ ಕೊನೆಯ ವರ್ಷ. ನನ್ನ ಕೋಣೆಗೂ ಅವರ ಉಗ್ರಾಣಕ್ಕೂ ನಡುವೆ ಒಂದು ಇಟ್ಟಿಗೆ ಗೋಡೆ. ನನ್ನ ಪ್ರಾಜೆಕ್ಟ್ ನಿನಗೆ ನೆನಪಿರಬಹುದು: ವೈಫೈ ಅಲೆಗಳು ಗೋಡೆ ದಾಟಿ, ಆಚೆ ಇರುವುದಕ್ಕೆ ಬಡಿದು ಮರಳುತ್ತವೆ, ಹಾಗೆ ಮರಳಿದ ಅಲೆಗಳಿಂದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವುದು. ಚಿತ್ರವೆಂದರೆ ಬರೀ ಮಸುಕು ಕಲೆಗಳು. ಬಾಯಿಯ ಅಕ್ಕಿ ಡ್ರಮ್ಮು, ಕಬ್ಬಿಣದ ಕಪಾಟು — ಅವುಗಳ ಕಲೆ ಎಲ್ಲೆಲ್ಲಿ ಬೀಳುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಗೆ ಮೊದಲೇ ನಿನ್ನ ಮದುವೆ ಗೊತ್ತುಮಾಡಿದ್ದರು. ನೀನು ಬೆಳ್ತಂಗಡಿಯ ಮನೆ ಬಿಟ್ಟು ರಾತ್ರಿ ಓಡಿಬಂದೆ, ನನ್ನ ಜೊತೆ ಓದಲು ಬರುತ್ತಿದ್ದ ನಿನ್ನನ್ನು ಬಲ್ಲ ಬಾಯಿ ನಿನ್ನನ್ನು ಉಗ್ರಾಣದಲ್ಲಿ ಅಡಗಿಸಿದರು. ನನಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಿನ್ನ ಅಣ್ಣ ಯೋಗೀಶ ಬಂದ. ಮನೆಯೆಲ್ಲ ಹುಡುಕಿದ. ಉಗ್ರಾಣದ ಬೀಗ ಹಿಡಿದು ಕೇಳಿದ, "ಇದರೊಳಗೆ ಎಂತ ಉಂಟು?"

"ಅಕ್ಕಿ, ತೆಂಗಿನಕಾಯಿ. ಕೀ ನನ್ನ ಮಗನ ಹತ್ತಿರ, ಅವ ಬಂಟ್ವಾಳಕ್ಕೆ ಹೋಗಿದ್ದಾನೆ," ಎಂದು ಬಾಯಿ ಕೆಳಗಿಳಿದರು.

ಅವನು ನಂಬಿದ. ಹೊರಟವನು ನನ್ನ ಬಾಗಿಲಲ್ಲಿ ನಿಂತು, ಮೇಜಿನ ಮೇಲಿನ ತಂತಿಗಳನ್ನು ನೋಡಿ ನಕ್ಕ. "ಇದೆಂತ, ಮಕ್ಕಳಾಟಿಕೆಯಾ?"

ಆ ನಗು ನನ್ನನ್ನು ಚುಚ್ಚಿತು. ಅಷ್ಟೇ. "ಗೋಡೆಯಾಚೆ ಇರುವುದು ಕಾಣ್ತದೆ ಇದರಲ್ಲಿ," ಎಂದೆ.

"ಹೌದಾ? ತೋರಿಸಿ ನೋಡುವ."

ತೋರಿಸಿದೆ. ಡ್ರಮ್ಮಿನ ಕಲೆ, ಕಪಾಟಿನ ಕಲೆ — ಅವುಗಳ ನಡುವೆ ಇನ್ನೊಂದು. ಅದು ಅಲುಗಿತು. ಗೋಡೆಯ ಮೂಲೆಗೆ ಸರಿದು ಚಿಕ್ಕದಾಯಿತು. ನೀನು ಮುದುಡಿ ಕುಳಿತೆಯೇನೋ...

ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದು ನೀನೇ ಎಂದು ತಿಳಿಯಿತು. ಪರದೆ ಆರಿಸಬಹುದಿತ್ತು, ಯಂತ್ರ ಕೆಟ್ಟಿದೆ ಎನ್ನಬಹುದಿತ್ತು, ಅವನು ಇನ್ನೊಮ್ಮೆ ನಕ್ಕು ಹೋಗುತ್ತಿದ್ದ. ಆದರೆ ಮೊದಲ ಸಲ ನನ್ನ ಯಂತ್ರ ಒಂದು ಜೀವವನ್ನು ಕಂಡಿತ್ತು — ಆ ಹೆಮ್ಮೆ —

ಕೆಳದನಿಯಲ್ಲಿ ಹೇಳಿದೆ, "ಆಚೆ ಒಬ್ಬರು ಇದ್ದಾರೆ."

ಅವನ ಮುಖ ನೋಡಿದ ಮೇಲೆ ಹೆದರಿದೆ. ಆಗಲೂ ನಿನಗಾಗಿ ಅಲ್ಲ. "ನನ್ನ ಹೆಸರು ಹೇಳ್ಬೇಡಿ," ಎಂದೆ.

ಬೀಗ ಒಡೆದ ಸದ್ದು, ನಿನ್ನ ಕೂಗು. ಬಾಯಿ ಓಡಿಬಂದು ಅಡ್ಡ ನಿಂತರು. ಯೋಗೀಶ ಅವರನ್ನು ತಳ್ಳಿ ನಿನ್ನನ್ನು ಎಳೆದೊಯ್ದ. ನಾನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ.

ನೀನು ಪರೀಕ್ಷೆ ಬರೆಯಲಿಲ್ಲ. ನನ್ನ ಪ್ರಾಜೆಕ್ಟಿಗೆ ಬಹುಮಾನ ಬಂತು. ನಿನ್ನ ಸುಳಿವು ಕೊಟ್ಟದ್ದು ಬಾಯಿ, ಅಡ್ಡ ನಿಂತದ್ದು ಬರೀ ನಾಟಕ ಎಂದು ಅಣ್ಣ ನಿನಗೆ ಹೇಳಿದ; ನೀನು ಅಲ್ಲಿರುವುದು ಅವರೊಬ್ಬರಿಗೇ ಗೊತ್ತಿದ್ದುದರಿಂದ ನೀನು ನಂಬಿದೆ. ಬಾಯಿಗೆ ಎಲ್ಲ ಅರ್ಥವಾಗಿತ್ತು. ಆದರೂ ಆ ಸಂಜೆ ಎಂದಿನಂತೆ ನನಗೆ ಊಟ ಬಡಿಸಿದರು. ಇಷ್ಟು ವರ್ಷ ಆ ದೂರನ್ನು ಅವರೇ ಹೊತ್ತರು.

ಅವರೀಗ ಬಂಟ್ವಾಳದಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ನಿನ್ನನ್ನು ನೋಡಬೇಕಂತೆ. ಮೊನ್ನೆ ಫೋನಿನಲ್ಲಿ ಅದನ್ನು ತಿಳಿಸಿದಾಗ ನೀನು, "ನನ್ನನ್ನು ಹಿಡಿದುಕೊಟ್ಟವರನ್ನು ನಾನು ಯಾಕೆ ನೋಡ್ಬೇಕು?" ಎಂದೆ. ಆಗಲೂ ನಾನು ನಿಜ ಹೇಳಲಿಲ್ಲ.

ಇಂದು ಹೇಳಿದ್ದೇನೆ. ನನ್ನ ಮುಖ ಇನ್ನು ನೋಡಬೇಡ, ಅದು ನ್ಯಾಯವೇ. ಆದರೆ ಹರಿಣಾಕ್ಷಿ, ತಡಮಾಡಬೇಡ — ಅವರ ಬಳಿಗೆ ಹೋಗು.