ಲೀಲಾಳ ದಿಬ್ಬಣ

ಆಟಿ ತಿಂಗಳ, ಅಂದರೆ ಆಷಾಢದ, ಒಂದು ಭಾನುವಾರ ಬೆಳಗ್ಗೆ ಮೂಡಬಿದಿರೆಯಿಂದ ಬಸ್ಸು ಹತ್ತಿದೆವು. ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮದು ಮದುವೆ ದಿಬ್ಬಣ. ಮದುಮಗ ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ನನ್ನ ಶಾಲೆಯಲ್ಲೇ ಮೇಷ್ಟರಾಗಿದ್ದ ಸಂಜೀವನ ತಮ್ಮ ಅವನು, ತೊಟ್ಟಿಲಲ್ಲೇ ಹೋದವನು. ಘಟ್ಟದ ಮೇಲಿನ ನನಗೆ ಇದೆಲ್ಲ ತಮಾಷೆ. ಕಿಟಕಿ ಪಕ್ಕದ ಸೀಟಿನಲ್ಲಿದ್ದ ಹೊಸ ಪಂಚೆಯನ್ನು ಸರಿಸಲು ಹೋದೆ.

"ಮಾಸ್ಟ್ರೇ, ಅಲ್ಲಿ ತಮ್ಮ ಕೂತಿದ್ದಾನೆ" ಎಂದ ಸಂಜೀವ.

ಬಸ್ಸಿನಲ್ಲಿ ಜನ ನಿಂತಿದ್ದರು. ಕಂಡಕ್ಟರ್ ಪಂಚೆಯನ್ನು ನೋಡಿ ಸುಮ್ಮನೆ ಮುಂದೆ ಹೋದ.

ಬಂಟ್ವಾಳದಲ್ಲಿ ಬನ್ಸು, ಚಹಾ ಮುಗಿಸಿ ಬಸ್ಸು ಬದಲಿಸಿದೆವು. ಪುಂಜಾಲಕಟ್ಟೆಯಲ್ಲಿ ಇಳಿದು ಜಿಟಿಜಿಟಿ ಮಳೆಯಲ್ಲಿ ಎರಡು ಮೈಲಿ ನಡಿಗೆ. ಹೆಣ್ಣಿನ ಮನೆಯ ಸರೋಜಳಿಗೆ ತಿಂಗಳುಗಳಿಂದ ಮಾತಿಲ್ಲ, ನಿದ್ದೆಯಿಲ್ಲ ಎಂದು ಸಂಜೀವ ದಾರಿಯಲ್ಲಿ ಹೇಳಿದ. ಕೂಸಾಗಿದ್ದಾಗಲೇ ಸತ್ತ ಅವಳ ಅಕ್ಕ ಲೀಲಾ ಈಗ ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ಅದಕ್ಕೇ ತಂಗಿಯನ್ನು ಕಾಡುತ್ತಿದ್ದಾಳೆ, ಅವಳಿಗೆ ಮದುವೆಯಾದರೆ ತಂಗಿ ಸರಿಹೋಗುತ್ತಾಳೆ ಎಂದು ಜೋಯಿಸರು ಹೇಳಿದ್ದರಂತೆ.

"ಹಾಗಾದರೆ ಹುಚ್ಚೇ?" ಎಂದೆ.

"ಆ ಶಬ್ದ ಅಲ್ಲಿ ಹೇಳ್ಬೇಡಿ ಮಾರಾಯ್ರೆ. ಉಪದ್ರ ಅಂತ ಹೇಳುವುದು. ಉಪದ್ರ ಆದ್ರೆ ಹೋಗ್ತದೆ. ನಿಮ್ಮ ಶಬ್ದ ಒಮ್ಮೆ ಅಂಟಿದ್ರೆ ಹೋಗುದಿಲ್ಲ."

ನಮ್ಮೂರಿನಲ್ಲಿ ಅಂಥವರನ್ನು ಕಂಬಕ್ಕೆ ಕಟ್ಟಿದ್ದನ್ನು ಕಂಡಿದ್ದೇನೆ. ಇವರೇ ಎಷ್ಟೋ ವಾಸಿ ಅನ್ನಿಸಿತು.

ಹೆಣ್ಣಿನ ಮನೆಯ ಚಾವಡಿಯಲ್ಲಿ ಸರೋಜಳಿಗೆ ತಲೆ ಬಾಚಿ ಮಲ್ಲಿಗೆ ಮುಡಿಸಿದ್ದರು. ತಾಯಿ ಅವಳಿಗೆ ತುತ್ತು ಮಾಡಿ ಉಣಿಸುತ್ತಿದ್ದರು. ಆದರೆ ಮಾತೆಲ್ಲ ಪಕ್ಕದ ಕುರ್ಚಿಯ ಜೊತೆ. ಅದರ ಮೇಲೆ ಒಂದು ಕೆಂಪು ಸೀರೆ, ಬಳೆ. ಇಲ್ಲಿಗೆ ಬಂದ ಮೇಲೆ ತುಳು ನನಗೆ ಅರ್ಥವಾಗತೊಡಗಿತ್ತು.

"ಲೀಲಾ, ಹೊಟ್ಟೆ ತುಂಬಿತಾ ಮಗಾ? ಇನ್ನು ತಂಗಿಯನ್ನು ಬಿಡು."

ಮನೆಯವರೆಲ್ಲ ಒಬ್ಬೊಬ್ಬರಾಗಿ ಹೀಗೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ನಾನೂ ಕಿವಿಗೊಟ್ಟು ಕಾಯುತ್ತಿದ್ದೇನೆಂದು ಆಮೇಲೆ ಗೊತ್ತಾಯಿತು.

ಪಂಚೆಗೂ ಸೀರೆಗೂ ಗಂಟು ಹಾಕಿ ಧಾರೆಯೆರೆದರು. ತಾಯಿ ಬಿಕ್ಕಿ ಬಿಕ್ಕಿ ಅತ್ತರು. ಸಂಜೀವ ಎರಡನ್ನೂ ಎತ್ತಿಕೊಂಡು ಅಂಗಳಕ್ಕೆ ಇಳಿಯುವಾಗ ಸರೋಜ ಎದ್ದು ಬಂದು ಸೀರೆಯ ಸೆರಗು ಹಿಡಿದಳು.

"ನಾನೂ ಬರ್ತೇನೆ" ಎಂದಳು. "ಅವಳ ಹತ್ರ ಎಲ್ಲರೂ ಮಾತಾಡ್ತಾರೆ."

"ಬಾಯಿ ಬಂತು! ಮಗಳಿಗೆ ಬಾಯಿ ಬಂತು!" ತಾಯಿ ಕೂಗಿದರು. ಮನೆಯವರೆಲ್ಲ ಅಳುತ್ತ ನಗುತ್ತ ಓಡಿಬಂದು, ಸಂಜೀವನ ಕೈಯಲ್ಲಿದ್ದ ಸೀರೆಗೆ ಕೈಮುಗಿದರು. ಯಾರೋ ಸರೋಜಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. ನಾನಾದರೂ ಅವಳಿಗೆ ಏನಾದರೂ ಹೇಳಬೇಕಿತ್ತು, ಸಂಜೀವನ ಹಿಂದೆ ಹೊರಟುಬಿಟ್ಟೆ.

ಗದ್ದೆಯ ಬದುವಿನಿಂದ ತಿರುಗಿ ನೋಡಿದೆ. ಎಲ್ಲರೂ ಇನ್ನೂ ನಮ್ಮ ಕಡೆಗೇ ಕೈಮುಗಿದು ನಿಂತಿದ್ದರು. ಅವರ ಬೆನ್ನ ಹಿಂದೆ, ಚಾವಡಿಯಲ್ಲಿ, ಸರೋಜ ಲೀಲಾಳ ಕುರ್ಚಿಯಲ್ಲಿ ಕೂತಿದ್ದಳು.