ಓರೆ ಪೈಪಿನ ಗಾಡಿ

ಅಕ್ಕನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಸೋತಿತು. ಅವಳು ಸೊರಬದ ಒಂದು ಬಾಡಿಗೆ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ನಾನು ಶಿಕಾರಿಪುರದಲ್ಲಿ ಗಾಡಿ ರಿಪೇರಿ ಮಾಡುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೆ ಈ ಮಾತನ್ನು ಅವಳೆದುರು ಹೇಳಲು ಹೋಗಿ ಮೂರು ಸಲ ನುಂಗಿಕೊಂಡು ಬಂದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲಿದದ್ದನ್ನು ಆನವಟ್ಟಿಯ ಅಂಗಡಿಗೆ ಮುಟ್ಟಿಸಲು ಅವಳು ಬಸ್ಸು ಹತ್ತಬೇಕಿತ್ತು. ಯಾರಾದರೂ ತೋಳಿಗೆ ಕೈ ಹಾಕಿ ಎತ್ತಬೇಕು, ಅದು ಅವಳಿಗೆ ಸೇರುತ್ತಿರಲಿಲ್ಲ. ಹಳೆಯದೊಂದು ಗೇರಿಲ್ಲದ ಸ್ಕೂಟರ್ ಹುಡುಕಿ, ಹಿಂದೆ ಎರಡು ಪಕ್ಕಕ್ಕೂ ಚಕ್ರ ಕಟ್ಟಿಕೊಟ್ಟೆ. ಮೊದಲ ದಿನ ಒಬ್ಬಳೇ ಹೋಗಿಬಂದು ಫೋನು ಮಾಡಿದಳು.

"ದಾರೀಲಿ ಸುಮ್ನೆ ಒಂದ್ ಕಡೆ ನಿಲ್ಸಿ ಟೀ ಕುಡ್ದೆ ಮಾರಾಯ. ಯಾರನ್ನೂ ಕೇಳ್ಲಿಲ್ಲ."

ಒಂದು ವರ್ಷ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಪಕ್ಕದ ಚಕ್ರಗಳ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿತು. ದಪ್ಪನೆಯದು ಹಾಕಿದೆ. ಅದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ತಾಗುತ್ತಿತ್ತು. ಹಾಗಾಗಿ ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ಪೈಪನ್ನು ಕತ್ತರಿಸಿ, ಓರೆ ಮಾಡಿ ಬೆಸೆದೆ. ಜಾಗ ಸಿಕ್ಕಿತು. ನನಗೇ ಹೆಮ್ಮೆಯಾಯಿತು.

ಹದಿನೈದು ದಿನಕ್ಕೆ ಗಾಡಿ ಏರಿನಲ್ಲಿ ಕೆಮ್ಮಿ ನಿಲ್ಲತೊಡಗಿತು. ಬಟನ್ ಒತ್ತಿ ಒತ್ತಿ ಬ್ಯಾಟರಿ ಇಳಿದರೆ ಕಿಕ್ ಹೊಡೆಯಬೇಕು. ಅವಳಿಂದ ಆಗದ್ದು ಅದೊಂದೇ. ಲಗೇಜ್ ಆಟೋದಲ್ಲಿ ಗಾಡಿ ಹೇರಿಸಿಕೊಂಡು ನನ್ನ ಅಂಗಡಿಗೆ ಬಂದಳು.

"ನಿಂತಾಗೆಲ್ಲ ಪೆಟ್ರೋಲ್ ವಾಸ್ನೆ ಹೊಡೀತದೆ ಕಣೋ" ಅಂದಳು.

ಆ ಮಾತೊಂದನ್ನೇ ಹಿಡಿದಿದ್ದರೆ ಸಾಕಿತ್ತು.

ಕಾರ್ಬೊರೇಟರಿನ ಕೆಳಗೆ ಸಣ್ಣ ಬಟ್ಟಲಿದೆ. ಅದರಲ್ಲಿ ಪೆಟ್ರೋಲ್ ತುಂಬುತ್ತಿದ್ದಂತೆ ಫ್ಲೋಟು ತೇಲಿ ಮೇಲೆ ಬಂದು ಸೂಜಿಯನ್ನು ಒತ್ತುತ್ತದೆ, ಪೆಟ್ರೋಲ್ ಬರುವುದು ನಿಲ್ಲುತ್ತದೆ. ಎಷ್ಟು ತುಂಬಿದ ಮೇಲೆ ನಿಲ್ಲಬೇಕೆಂಬುದನ್ನು ಫ್ಲೋಟಿನ ಪುಟ್ಟ ನಾಲಿಗೆಯನ್ನು ಬಗ್ಗಿಸಿ ಹೊಂದಿಸಬೇಕು. ನನಗೆ ಕೆಲಸ ಕಲಿಸಿದ ಉಸ್ತಾದರು ಇದಕ್ಕೊಂದು ಕಡಪ ಕಲ್ಲು ಇಟ್ಟುಕೊಂಡಿದ್ದರು. ಯಾವ ಗಾಡಿಯದ್ದೇ ಇರಲಿ, ಕಾರ್ಬೊರೇಟರನ್ನು ಆ ಸಮ ಕಲ್ಲಿನ ಮೇಲೆ ತಲೆಕೆಳಗಾಗಿಟ್ಟು ಸ್ಕೇಲಿನಲ್ಲಿ ಅಳೆಯುವುದು. ಅವರು ತೀರಿಕೊಂಡ ಮೇಲೆ ಕಲ್ಲು ನನಗೆ ಬಂತು. ಅದರ ಮೇಲೆ ನಾನು ಟೀ ಲೋಟ ಕೂಡ ಇಡುವುದಿಲ್ಲ.

ಅಕ್ಕನ ಕಾರ್ಬೊರೇಟರನ್ನೂ ಅದರ ಮೇಲಿಟ್ಟು ಅಳೆದೆ. ಕೂದಲೆಳೆ ವ್ಯತ್ಯಾಸವಿರಲಿಲ್ಲ.

"ಲೆವೆಲ್ ಸರಿ ಐತಲ್ಲಕ್ಕಾ. ನೀನೇ ಆಕ್ಸಿಲೇಟರ್ ಒಂದೇ ಸಮ ತಿರುವ್ತಿ."

ಈಸೂರಿನ ಗಿರಾಕಿಯೊಬ್ಬರು ತಮ್ಮ ಬೈಕಿಗಾಗಿ ಕಾಯುತ್ತಿದ್ದರು. "ಅಕ್ಕಾರೆ, ಚೋಕಿಗೆ ಚೀಲ ಗೀಲ ನೇತ್ಹಾಕೀರೇನ್ ಮತ್ತೆ?" ಅಂದರು. ಚೋಕು ಎಳೆದೇ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಗಾಡಿ ನಿಲ್ಲುತ್ತದೆ; ಹೆಂಗಸರು ಅದನ್ನು ಚೀಲದ ಕೊಕ್ಕೆ ಅಂದುಕೊಳ್ಳುತ್ತಾರೆಂಬ ಹಳೇ ಜೋಕು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕನೂ ನಗಲು ನೋಡಿದಳು.

ಮೂರು ಸಲ ಬಂದಳು, ಮೂರು ಸಲವೂ ಕಲ್ಲು ಅದನ್ನೇ ಹೇಳಿತು, ನಾನೂ ಅದನ್ನೇ ಹೇಳಿದೆ. ಕೊನೆಯ ಸಲ ಅವಳು ವಾದಿಸಲಿಲ್ಲ. "ಹೌದೇನೋ, ನಂಗೇ ಗೊತ್ತಾಗಲ್ಲ" ಅಂದಳು.

ಆಮೇಲೊಂದು ದಿನ ಆನವಟ್ಟಿ ದಾರಿಯ ಏರಿನಲ್ಲಿ ಗಾಡಿ ನಿಂತಿತು. ಎರಡು ಸಲ ಯಾರೋ ಕಿಕ್ ಹೊಡೆದುಕೊಟ್ಟರು, ಎರಡು ಸಲವೂ ಹತ್ತು ಮಾರು ಹೋಗಿ ನಿಂತಿತು. ಆಮೇಲೆ ಯಾರೂ ಬರಲಿಲ್ಲ, ನನಗೂ ಅವಳು ಫೋನು ಮಾಡಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಅವಳು ಸೀಟಿನ ಮೇಲೇ ಇದ್ದಳು. ಇದನ್ನು ಅವಳು ನನಗೆ ಹೇಳಲಿಲ್ಲ, ನನ್ನ ಹೆಂಡತಿಗೆ ಹೇಳಿದಳು: "ಗಾಡಿಗಾದ್ರೆ ಯಾರನ್ನಾದ್ರೂ ಕರೀಬಹುದು ಮಾರಾಯ್ತಿ. ಒಂದಕ್ಕೆ ಹೋಗ್ಬೇಕು ಅಂತ ಯಾರನ್ನ ಕರೀಲಿ?" ಅವಳ ಸೀರೆ ಒದ್ದೆಯಾಗಿತ್ತು. ಸಂಜೆ ಮನೆ ಮುಟ್ಟಿಸಿದ ಟ್ರಾಕ್ಟರಿನವರು ಬರುವುದು ಕಂಡು ಬಾಟಲಿ ನೀರನ್ನು ಮೈಮೇಲೆ ಚೆಲ್ಲಿಕೊಂಡು, ಬಾಟಲಿ ಮಗುಚಿತು ಅಂದಳಂತೆ.

ಮಾರನೇ ವಾರ ಗಾಡಿಯನ್ನು ನನ್ನ ಅಂಗಡಿಗೆ ಕಳಿಸಿದಳು. ಮಾರಿಬಿಡು ಅಂದಳು.

ಕೊಳ್ಳುವವರೊಬ್ಬರು ಬರುತ್ತೇನೆ ಅಂದಿದ್ದರು. ಒರೆಸುತ್ತಿದ್ದೆ, ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ಹನಿ ಕಂಡಿತು. ಬಿಚ್ಚಲು ಬೇಸರವಾಗಿ, ಬಟ್ಟಲಿನ ತಳದ ತೂತಿಗೆ ಸಲೈನ್ ಪೈಪಿನ ತುಂಡು ಸಿಕ್ಕಿಸಿ ಪಕ್ಕದಲ್ಲೇ ಮೇಲಕ್ಕೆ ಎತ್ತಿ ಹಿಡಿದೆ. ಒಳಗೆ ಎಷ್ಟಿದೆಯೋ ಹೊರಗೂ ಅಷ್ಟೇ ಕಾಣುತ್ತದೆ. ಪೆಟ್ರೋಲ್ ಬಟ್ಟಲಿನ ಅಂಚು ದಾಟಿ ನಿಂತಿತ್ತು, ಹೆಚ್ಚಾದದ್ದು ಇಂಜಿನ್ನಿಗೆ ನುಗ್ಗಿ ಗಾಡಿ ನಿಲ್ಲಿಸುತ್ತಿತ್ತು. ಓರೆ ಪೈಪಿನ ಮೇಲೆ ಬಟ್ಟಲೂ ಓರೆಯಾಗಿಯೇ ಕೂತಿತ್ತು. ತಟ್ಟೆ ಓರೆಯಾದರೆ ಸಾರು ಒಂದು ಕಡೆ ಏರುತ್ತದೆ, ಅನ್ನ ಉಣ್ಣುವ ಯಾರಿಗೂ ಗೊತ್ತು. ಓರೆ ಮಾಡಿದವನು ನಾನು, ಅಳೆದದ್ದು ಸಮ ಕಲ್ಲಿನ ಮೇಲೆ.

ಬಟ್ಟಲು ಬಿಚ್ಚಿ, ಫ್ಲೋಟಿನ ನಾಲಿಗೆಯನ್ನು ಉಗುರಿನ ದಪ್ಪದಷ್ಟು ಬಗ್ಗಿಸಿದೆ. ಮತ್ತೆ ಜೋಡಿಸಿ, ಸಲೈನ್ ಪೈಪಿನಲ್ಲಿ ನೋಡಿ ಇನ್ನೊಂದಿಷ್ಟು. ಬಟನ್ ಒತ್ತಿದೆ. ಊಟದ ಹೊತ್ತಿನವರೆಗೂ ಗಾಡಿ ಒಂದೇ ಉಸಿರಿನಲ್ಲಿ ಓಡುತ್ತಾ ನಿಂತಿತ್ತು. ಆಫ್ ಮಾಡಲು ಕೈ ಬರಲಿಲ್ಲ.

ಕೊಳ್ಳುವವರಿಗೆ ಬೇಡವೆಂದು ಹೇಳಿ, ಸೊರಬಕ್ಕೆ ಒಯ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದಳು. ನನ್ನ ಬಾಯಿಂದ ಬಂದದ್ದು, "ಹೊಸಾ ಕಾರ್ಬೊರೇಟರ್ ಹಾಕೀನಕ್ಕಾ."

"ಹೊಸದು ಹಾಕಿದ್ರೂ ಓಡ್ಸೋದು ನಾನೇ ಅಲ್ಲನಾ. ಬೇಡ ಬಿಡು."

ಗಾಡಿ ಅವಳ ಕಿಟಕಿಯ ಕೆಳಗೇ ಇದೆ. ಈಗ ಅವಳು ಬಸ್ಸಿನಲ್ಲಿ ಹೋಗುತ್ತಾಳೆ, ಹೊರಡುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಹೋದಾಗಲೆಲ್ಲ ನಾನು ಬಟನ್ ಒತ್ತಿ ನೋಡುತ್ತೇನೆ. ಒಂದೇ ಸಲಕ್ಕೆ ಶುರುವಾಗುತ್ತದೆ. ಹೋದ ವಾರವೂ ಆಯಿತು. ಒಳಗೆ ಮಿಷನ್ನಿನ ಸದ್ದು ನಿಂತಿತು.

"ನೋಡು, ನಿನ್ ಕೈಗೆ ಮಾತ್ರ ಕೇಳ್ತದೆ" ಅಂದಳು ಅಕ್ಕ.

ನಾನು ಬೀಗದಕೈ ತಿರುಗಿಸಿ ಆಫ್ ಮಾಡಿದೆ.