ಡಾಕ್ಟರು ಬೇಡವೆಂದ ನಾಲ್ಕು ಸಾಮಾನು

ಕುಂದಾಪುರದ ಡಾಕ್ಟರು ನನ್ನ ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು. ಆಮೇಲೆ ಚೀಟಿಯ ಹಿಂಬದಿಯಲ್ಲಿ, ಇನ್ನು ಮುಂದೆ ನಾನು ಮುಟ್ಟಲೇಬಾರದ ಸಾಮಾನುಗಳನ್ನು ಒಂದರ ಕೆಳಗೊಂದು ಬರೆದುಕೊಟ್ಟರು: ಮೊಟ್ಟೆಯ ಹಳದಿ, ಸಕ್ಕರೆ, ಹಾಲಿನ ಕೆನೆ, ಮದ್ಯ. ಓದಿದ ಮೇಲೆ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಲವತ್ತೈದು ವರ್ಷದ ಹಿಂದೆ ಹಡಗಿನ ಅಡುಗೆಮನೆಯಲ್ಲಿ ಒಟ್ಟೊ ನನಗೆ ಬಾಯಿಪಾಠ ಮಾಡಿಸಿದ ಪಟ್ಟಿ ಇದೇ ಆಗಿತ್ತು. ವರಸೆ ಕೂಡ ತಪ್ಪಿರಲಿಲ್ಲ. ನಾನು ಮರೆತೇಬಿಟ್ಟಿದ್ದ ಪಾಕವನ್ನು ಈ ಮಹಾನುಭಾವರು ನೆನಪಿಸಿ ಬರೆದುಕೊಟ್ಟರಲ್ಲ ಎಂದು ಎರಡೂ ಕೈ ಎತ್ತಿ ಮುಗಿದೆ. ಇಷ್ಟು ವಿಧೇಯ ರೋಗಿಯನ್ನು ಅವರು ಕಂಡಿರಲಿಲ್ಲವೆಂದು ತೋರುತ್ತದೆ; ಬಾಗಿಲಿನವರೆಗೆ ಬಂದು ಕಳಿಸಿಕೊಟ್ಟರು.

ಒಟ್ಟೊ ಎಂದರೆ ನಾನು ಮೊದಲು ಹತ್ತಿದ ಜರ್ಮನ್ ಸರಕು ಹಡಗಿನ ದೊಡ್ಡ ಅಡುಗೆಯವ. ನಾನು ಅವನ ಕೈಕೆಳಗೆ ಈರುಳ್ಳಿ ಸುಲಿಯುತ್ತಿದ್ದ ಹಂಗಾರಕಟ್ಟೆಯ ಆಸಾಮಿ. ಈಸ್ಟರ್ ಹಬ್ಬ ಬಂತೆಂದರೆ ಅವನು ಐಯರ್‌ಲಿಕೋರ್ ಎಂಬ ಮೊಟ್ಟೆಯ ಮದ್ಯ ಮಾಡುತ್ತಿದ್ದ. ಹಳದಿಗೆ ಸಕ್ಕರೆ ಹಾಕಿ ಕಡೆಯಬೇಕು, ಕೆನೆ ಸೇರಿಸಬೇಕು, ಬಿಸಿನೀರಿನ ಹಬೆಯ ಮೇಲೆ ಪಾತ್ರೆ ಇಟ್ಟು ತಿರುಗಿಸುತ್ತ ತಿರುಗಿಸುತ್ತ ರಮ್ಮನ್ನು ನೂಲಿನಂಥ ಧಾರೆಯಾಗಿ ಬಿಡಬೇಕು. ಕೊನೆಗೆ ಸಿಗುವುದು ಗಟ್ಟಿ ಪಾಯಸದಂಥ ಒಂದು ಪದಾರ್ಥ. ಅದನ್ನು ಕುಡಿಯುವುದೋ ತಿನ್ನುವುದೋ ಎಂದು ಜರ್ಮನರಿಗೇ ಇನ್ನೂ ಖಾತ್ರಿಯಿಲ್ಲ. ನಾಲ್ಕು ಪಟ್ಟಿಯ ಕೋಟು ಹಾಕಿದ ಕ್ಯಾಪ್ಟನ್ ಸಾಹೇಬರು ಬೆರಳುದ್ದದ ಗ್ಲಾಸಿನ ತಳಕ್ಕೆ ನಾಲಿಗೆ ಚಾಚಿ ನೆಕ್ಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅವರು ಎಷ್ಟು ಗದರಿದರೂ ನನಗೆ ಹೆದರಿಕೆಯಾಗಲಿಲ್ಲ.

ಈ ಮದ್ಯದ ಹುಟ್ಟಿನ ಬಗ್ಗೆ ಹಡಗಿನವರು ಒಂದು ಕಥೆ ಹೇಳುತ್ತಾರೆ. ಬ್ರೆಜಿಲ್ ಕಡೆ ಹೋದ ಯುರೋಪಿನ ನಾವಿಕರು ಅಲ್ಲಿನವರು ಬೆಣ್ಣೆಹಣ್ಣು ಕಡೆದು ಮದ್ಯಕ್ಕೆ ಹಾಕಿ ಕುಡಿಯುವುದನ್ನು ಕಂಡರಂತೆ. ಊರಿಗೆ ಬಂದು ಮಾಡೋಣವೆಂದರೆ ಆ ಚಳಿಯಲ್ಲಿ ಬೆಣ್ಣೆಹಣ್ಣು ಎಲ್ಲಿಯದು? ಕೋಳಿಯ ಗೂಡಿಗೆ ಕೈ ಹಾಕಿದರಂತೆ. ಕಥೆ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಆದರೆ ನಾನು ನಂಬುತ್ತೇನೆ. ಪರವೂರಿನಲ್ಲಿ ತಿಂದ ರುಚಿಗಾಗಿ ಮನೆಗೆ ಬಂದು ಇದ್ದದ್ದರಲ್ಲೇ ಒದ್ದಾಡುವ ಜಾತಿ ನಾವಿಕರದ್ದು.

ಒಟ್ಟೊ ಕಲಿಸಿದ್ದರಿಂದ ನಾನು ಸಣ್ಣವನಾಗಿ ಉಳಿಯಲಿಲ್ಲ. ಹತ್ತು ವರ್ಷದಲ್ಲಿ ನಾನೇ ದೊಡ್ಡ ಅಡುಗೆಯವನಾದೆ. ಜರ್ಮನಿಯವರು, ಫಿಲಿಪಿನೋಗಳು, ಗೋವೆಯವರು, ಒಟ್ಟು ನಲವತ್ತು ಬಾಯಿ ನನ್ನ ಸೌಟಿನ ದಾರಿ ಕಾಯುತ್ತಿದ್ದವು. ಬಿರುಗಾಳಿಯಲ್ಲಿ ಹಡಗು ಮಲಗಿ ಏಳುತ್ತಿದ್ದಾಗಲೂ ಸೂಪು ಚೆಲ್ಲದೆ ಬಡಿಸಿದ ಕೈ ಇದು. ಇಷ್ಟು ಹೊಗಳಿಕೊಂಡ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಕೈ ಮಾಡಿದ ಅಡುಗೆಯನ್ನು ನನ್ನ ಹೆಂಡತಿ ಗುಲಾಬಿ ಇಪ್ಪತ್ತಾರು ವರ್ಷದಿಂದ ಬಾಯಿಗಿಟ್ಟಿಲ್ಲ.

ತಪ್ಪು ನನ್ನದೇ. ರಜೆಯಲ್ಲಿ ಊರಿಗೆ ಬಂದ ಹಡಗಿನವನಿಗೆ ಎರಡೇ ಕೆಲಸ, ಉಂಡು ಮಲಗುವುದು ಮತ್ತು ಊರವರನ್ನು ಗೋಳುಹೊಯ್ಯುವುದು. ಬೈಂದೂರಿನ ನನ್ನ ಷಡ್ಡಕನಿಗೆ ಫಾರಿನ್ ಸೋಪೆಂದು ಹೇಳಿ ಚೀಸಿನ ಗಡ್ಡೆ ಕೊಟ್ಟು ಸ್ನಾನ ಮಾಡಿಸಿದವನು ನಾನು. ಎರಡು ದಿನ ಕೇರಿಯ ಬೆಕ್ಕುಗಳೆಲ್ಲ ಅವನನ್ನು ಬಿಟ್ಟು ಕದಲಲಿಲ್ಲ. ಹಾಗಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನ ಪರಿಚಯದವರು ಯಾರೂ ನಾನು ಕೊಟ್ಟದ್ದನ್ನು ಮೂಸದೆ ತಿನ್ನುವುದಿಲ್ಲ. ಇದನ್ನು ನಾನು ಬಿರುದೆಂದೇ ಎಣಿಸಿದ್ದೆ.

ಗುಲಾಬಿಯ ಕಿರಿಯ ತಂಗಿ ಸುಶೀಲಳ ಮದುವೆ ವಂಡ್ಸೆಯಲ್ಲಿ. ಹಾಲ್ಬಾಯಿ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಕೈಬಿಡದೆ ತಿರುಗಿಸಿ ಹರಿವಾಣಕ್ಕೆ ಹೊಯ್ದು ಕತ್ತರಿಸಿದೆ. ಒಂದೇ ಒಂದು ತುಂಡಿನ ಹೊಟ್ಟೆಯೊಳಗೆ ಜೀರಿಗೆ ಮೆಣಸು, ಅಂದರೆ ನೋಡಲು ಸಣ್ಣ, ಖಾರಕ್ಕೆ ಬೆಂಕಿಯಂಥ ಮೆಣಸಿನಕಾಯಿ, ಅರೆದು ಇಟ್ಟೆ. ಅದು ಗಂಡಿನ ಕಡೆಯ ಒಬ್ಬ ಜಂಬದ ಮಾವನಿಗೆಂದು ಗುರುತು ಮಾಡಿದ್ದು. ಹರಿವಾಣವನ್ನು ಯಾರೋ ತಿರುಗಿಸಿ ಇಟ್ಟರು. ತುಂಡು ಗುಲಾಬಿಯ ಬಾಯಿಗೆ ಹೋಯಿತು, ಅದೂ ತಂಗಿಯನ್ನು ಗಂಡನ ಮನೆಗೆ ಕಳಿಸಿಕೊಡುವ ಹೊತ್ತಿಗೆ ಸರಿಯಾಗಿ. ಅವಳ ಕಣ್ಣಿನಿಂದ ನೀರು ಧಾರೆ ಧಾರೆ. ಅಕ್ಕನ ಪ್ರೀತಿ ಕಂಡು ಹೆಂಗಸರೆಲ್ಲ ಅತ್ತರು, ಮದುಮಗಳು ಅತ್ತಳು, ಕಡೆಗೆ ಆ ಜಂಬದ ಮಾವನೂ ಮೂಗು ಒರೆಸಿಕೊಂಡ. ಗುಲಾಬಿ ಮಾತ್ರ ಒಂದು ಲೋಟ ನೀರು ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗಿ ತಂಗಿಯ ಮದುವೆ ನಗೆಪಾಟಲಾಗುತ್ತಿತ್ತು. ಬಂದವರನ್ನೆಲ್ಲ ಕಳಿಸಿ, ಚಪ್ಪರದ ಕಂಬ ಹಿಡಿದು, ಉರಿಯುವ ನಾಲಿಗೆಯಿಂದ ಒಂದೇ ಮಾತು ಹೇಳಿದಳು:

“ಇನ್ ನಿಮ್ ಕೈ ಅಡ್ಗಿ ಒಂದ್ ಅಗ್ಳೂ ನಂಗ್ ಬ್ಯಾಡ.”

ಕೋಪ ನಾಲ್ಕು ದಿನದ್ದು ಎಂದುಕೊಂಡೆ. ಹಡಗಿನ ನೌಕರಿ ಮುಗಿಸಿ ಬಂದು ಮನೆಯಲ್ಲೇ ಕೂತ ಮೇಲೂ ಅದು ಹಾಗೇ ಇದೆ. ನಾನು ಚಹಾ ಮಾಡಿದರೆ ಅವಳು ಬೇರೆ ಪಾತ್ರೆಯಲ್ಲಿ ತನ್ನ ಚಹಾ ಮಾಡಿಕೊಳ್ಳುತ್ತಾಳೆ. ಜಗಳವಿಲ್ಲ, ಮುನಿಸಿಲ್ಲ, ನಗುನಗುತ್ತಲೇ ಇರುತ್ತಾಳೆ. ಬರೀ ತಿನ್ನುವುದಿಲ್ಲ.

ಆದ್ದರಿಂದ ಡಾಕ್ಟರ ಚೀಟಿ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಬರುವಾಗ ನಾನು ಒಂದು ಶಪಥ ಮಾಡಿದೆ. ಎಪ್ಪತ್ನಾಲ್ಕು ಆಯಿತು. ನಲವತ್ತು ಪರದೇಶಿ ಬಾಯಿಗಳನ್ನು ಗೆದ್ದವನು ಮನೆಯ ಒಂದು ಬಾಯಿಯ ಮುಂದೆ ಸೋತು ಸಾಯುವುದೇ? ಒಟ್ಟೊನ ಮದ್ಯವನ್ನು ಒಟ್ಟೊ ಹೇಳಿದ ಹಾಗೆಯೇ, ಒಂದು ಚೂರೂ ಕುಚೋದ್ಯ ಬೆರೆಸದೆ ಮಾಡುತ್ತೇನೆ, ಗುಲಾಬಿಯ ನಾಲಿಗೆಗೆ ಮುಟ್ಟಿಸಿಯೇ ತೀರುತ್ತೇನೆ. ಡಾಕ್ಟರು ಬೇಕಾದರೆ ಇನ್ನೊಂದು ಚೀಟಿ ಬರೆಯಲಿ.

ಮೊಟ್ಟೆಗೆ ವಂಡ್ಸೆಗೇ ಹೋದೆ. ಸುಶೀಲಳ ಗಂಡನ ಮನೆಯೂ ಅದೇ ಊರು, ಅಲ್ಲಿ ಊರ ಕೋಳಿ ಸಾಕಿದ್ದಾಳೆ. ಫಾರಮ್ಮಿನ ಮೊಟ್ಟೆಯ ಹಳದಿ ಕಾಮಾಲೆಯಿಂದ ಎದ್ದವರ ಹಾಗೆ ಬಿಳಿಚಿಕೊಂಡಿರುತ್ತದೆ. ಸುಶೀಲಳ ಕೋಳಿಯದು ಅಬ್ಬಲಿಗೆ ಹೂವಿನ ಕೇಸರಿ ಬಣ್ಣ. ಅವಳು ಮೊಟ್ಟೆ ಎಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

“ಹತ್ತ್ ಮೊಟ್ಟಿ ಎಂತಕೆ ಭಾವ? ಈ ಸಲ ಯಾರ್ ಮದಿ?”

ನಾನು ಬಸ್ಸು ಇಳಿದು ಮನೆ ಸೇರುವ ಮೊದಲೇ ಸುದ್ದಿ ಫೋನಿನಲ್ಲಿ ಗುಲಾಬಿಯ ಕಿವಿ ಸೇರಿತ್ತು. ರಮ್ಮು ಆಚೆಮನೆಯ ಶೀನಣ್ಣನದು. ಅವನು ಮಿಲಿಟರಿಯಲ್ಲಿದ್ದು ಬಂದವನು, ಕ್ಯಾಂಟೀನಿನ ಬಾಟಲಿಯನ್ನು ಕಪಾಟಿನಲ್ಲಿ ಪದಕದ ಪಕ್ಕ ಇಡುತ್ತಾನೆ. ಅರ್ಧ ಬಾಟಲಿ ಕೊಡುವ ಮೊದಲು ನನ್ನಿಂದ ಮೂರು ದೇವರ ಆಣೆ ಹಾಕಿಸಿಕೊಂಡ.

ಮೊದಲ ಸಲದ್ದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಎರಡೇ ಒಲೆ. ಒಂದರಲ್ಲಿ ಗುಲಾಬಿಯ ಮೀನು ಸಾರು, ಇನ್ನೊಂದರಲ್ಲಿ ಕುಚ್ಚಲಕ್ಕಿಯ ಗಂಜಿ ಕೊತಕೊತ ಕುದಿಯುತ್ತಿತ್ತು. ಹಬೆ ಎಂದರೆ ಹಬೆ, ಜರ್ಮನಿಯದಾದರೇನು ಗಂಜಿಯದಾದರೇನು ಎಂದು ಆ ಪಾತ್ರೆಯ ಬಾಯಿಗೇ ನನ್ನ ಬೋಗುಣಿ ಕೂರಿಸಿದೆ. ಎರಡು ನಿಮಿಷದಲ್ಲಿ ಗಂಜಿ ಉಕ್ಕಿ ತೆಳಿಯೆಲ್ಲ ಬೋಗುಣಿಯ ಒಳಗೆ ಬಂತು. ಮೂರನೆಯ ನಿಮಿಷಕ್ಕೆ ಹಳದಿ ಒಡೆದು ಉಂಡೆ ಉಂಡೆಯಾಯಿತು. ನನಗೆ ಸಿಕ್ಕಿದ್ದು ರಮ್ಮಿನ ಒಗ್ಗರಣೆ ಕೊಟ್ಟ ಮೊಟ್ಟೆ ಪಲ್ಯ. ನಮ್ಮ ಬೆಕ್ಕು ಅದನ್ನು ಮೂಸಿ, ನನ್ನನ್ನು ನೋಡಿ, ಹಿಂದಕ್ಕೆ ಹೋಯಿತು. ಬೈಂದೂರಿನ ಬೆಕ್ಕುಗಳು ಇದಕ್ಕೆ ಏನೋ ಹೇಳಿರಬೇಕು.

ಗುಲಾಬಿ ನಗಲಿಲ್ಲ. ಮೀನು ಸಾರಿನ ಕಡೆಯೇ ಮುಖ ಮಾಡಿಕೊಂಡು ಹೇಳಿದಳು.

“ಹ್ವಾಯ್, ಒಲಿಂದ ಇಳ್ಸಿ ಮಾಡಿ. ಅಕ್ಕಿ ಬೇಯುಕೆ ಬೆಂಕಿ ಬೇಕ್, ಅರಳುಕೆ ಬ್ಯಾಡ.”

ಮರುದಿನ ಹಾಗೆಯೇ ಮಾಡಿದೆ. ನಮ್ಮಲ್ಲಿ ಕುಚ್ಚಲಕ್ಕಿಯನ್ನು ಎರಡು ಕುದಿ ಬಂದ ಮೇಲೆ ಇಳಿಸಿ, ಮುಚ್ಚಿ, ಮೂಲೆಗೆ ಸರಿಸಿಬಿಡುತ್ತಾರೆ. ಅದು ತನ್ನ ಬಿಸಿಯಲ್ಲಿ ತಾನೇ ಗಂಟೆಗಟ್ಟಲೆ ಅರಳುತ್ತದೆ. ಆ ಇಳಿಸಿದ ಪಾತ್ರೆಯ ಮುಚ್ಚಳ ತೆಗೆದು ಬೋಗುಣಿ ಕೂರಿಸಿ ನೆಲಕ್ಕೆ ಕೂತೆ. ಹಾಲ್ಬಾಯಿ ತಿರುಗಿಸಿದ ಅದೇ ಮರದ ಸೌಟು. ಅಷ್ಟು ಹದವಾದ ಬಿಸಿ ಒಟ್ಟೊನಿಗೂ ಸಿಕ್ಕಿರಲಿಲ್ಲ. ಅವನು ನೀರಿಗೆ ಕಡ್ಡಿ ಥರ್ಮಾಮೀಟರು ಹಾಕಿ ಗೊಣಗುತ್ತಿದ್ದ. ಮುಕ್ಕಾಲು ಗಂಟೆ ತಿರುಗಿಸಿದೆ. ಭುಜ ಸೋತಿತು, ಮೊಣಕಾಲು ಮರಗಟ್ಟಿತು, ಸೌಟು ಮಾತ್ರ ನಿಲ್ಲಲಿಲ್ಲ. ಕಡೆಗೆ ಸೌಟು ಎತ್ತಿದರೆ ರೇಷ್ಮೆಯ ಹಾಗೆ ಮಡಿಕೆ ಮಡಿಕೆಯಾಗಿ ಬಿತ್ತು. ತೊಳೆದು ಒಣಗಿಸಿದ ಕಷಾಯದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ.

ಇಷ್ಟಾದ ಮೇಲೆ ಯಾರಾದರೂ ರುಚಿ ನೋಡಬೇಕಲ್ಲ. ಶೀನಣ್ಣನನ್ನು ಕರೆದು ಸಣ್ಣ ಗ್ಲಾಸಿನಲ್ಲಿ ಕೊಟ್ಟೆ. ಅವನು ಬೆಳಕಿಗೆ ಹಿಡಿದು ನೋಡಿದ, ಅಲ್ಲಾಡಿಸಿ ನೋಡಿದ, ಮೆಲ್ಲಗೆ ಕೆಳಗಿಟ್ಟ.

“ರಮ್ ನಂದೇ ಮರಾಯ್ರೆ. ಆರೆ ಕೈ ನಿಮ್ದಲ್ದಾ?”

ಗಡಿಯಲ್ಲಿ ಗುಂಡಿಗೆ ಎದೆಕೊಟ್ಟೆನೆಂದು ಹೇಳಿಕೊಳ್ಳುವ ಮನುಷ್ಯ. ಎಂಟು ದಿನ ಆ ಬಾಟಲಿ ಹಾಲಿನ ಪಕ್ಕದಲ್ಲಿ ನಿಂತಿತ್ತು. ಬಂದವರೆಲ್ಲ ಫ್ರಿಜ್ಜು ತೆರೆಸಿ, ದೂರದಿಂದ ನೋಡಿ, ಹೋದರು. ನನ್ನ ಜನ್ಮದಲ್ಲಿ ಮೊದಲ ಸಲ ಹೇಳಿದ್ದನ್ನೇ ಹಾಕಿ ಮಾಡಿದ ಪದಾರ್ಥಕ್ಕೆ ಇಷ್ಟು ದೊಡ್ಡ ಅಪಕೀರ್ತಿ. ಸುಳ್ಳು ಹೇಳಿ ಜನರನ್ನು ನಂಬಿಸಿದ್ದಕ್ಕೆ ನನಗೆ ಲೆಕ್ಕವಿಲ್ಲ. ನಿಜ ಹೇಳಿ ನಂಬಿಸುವ ವಿದ್ಯೆ ನಾನು ಕಲಿತೇ ಇರಲಿಲ್ಲವೆಂದು ಆ ಎಂಟು ದಿನಗಳಲ್ಲಿ ತಿಳಿಯಿತು. ಆದರೂ ಬಾಟಲಿ ತೆಗೆಯಲಿಲ್ಲ. ಕೂರಲಿ, ಯಾರು ಮೊದಲು ಸೋಲುತ್ತಾರೋ ನೋಡುವ.

ಒಂಬತ್ತನೆಯ ದಿನ ಬೆಳಿಗ್ಗೆ ಮೀನು ತಂದು ಚಾವಡಿಯಲ್ಲಿ ಕೂತಿದ್ದೆ. ಗುಲಾಬಿ ಬಾಟಲಿ ಹಿಡಿದುಕೊಂಡು ಬಂದಳು. ಬಿರಡೆ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಅಂಜಿಕೆಗೆ ಕಣ್ಣಿನ ರೆಪ್ಪೆ ಬಡಿಯದೆ ಕೂತಿದ್ದೆ. ಅದೇ ತಪ್ಪಾಯಿತು.

“ಸುಳ್ಳ್ ಹೇಳತಿಗೇ ನೀವ್ ಇಷ್ಟ್ ಗಂಭೀರ ಆಪ್ದು. ಮೊದ್ಲ್ ನೀವ್ ತಿನ್ನಿ. ನಾ ಕಾಣ್ತೆ.”

ಡಾಕ್ಟರ ಚೀಟಿ ಎದುರಿನ ಗೋಡೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿತ್ತು. ಅದನ್ನೇ ನೋಡುತ್ತ ಒಂದು ಚಮಚ ತಿಂದೆ. ನಾಲ್ಕೂ ಸಾಮಾನು ಒಟ್ಟಿಗೆ ಒಳಗೆ ಹೋದವು. ಹಾಗೆ ತಿಂದದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಗುಲಾಬಿ ಗಡಿಯಾರ ನೋಡಿ ಐದು ನಿಮಿಷ ಕಾದಳು. ನಾನು ಬದುಕಿರುವುದು ಖಾತ್ರಿಯಾದ ಮೇಲೆ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

ಮುಟ್ಟಿಸಿ ಹಾಗೇ ನಿಂತಳು. ಬೆರಳನ್ನು ಇನ್ನೊಮ್ಮೆ ಅದ್ದಿ ನೆಕ್ಕಿದಳು. ಆಮೇಲೆ, “ಇದ್ ನಮ್ ಅಬ್ಬಿ ಕೊಡ್ತಿದ್ದ್ ಬಾಣ್ತಿ ಮದ್ದ್ ಅಲ್ದಾ?” ಎಂದಳು.

ಹೌದಲ್ಲ. ನಮ್ಮ ಕೇರಿಗಳಲ್ಲಿ ಹೆರಿಗೆಯಾದ ಹೆಂಗಸಿಗೆ ಊರ ಕೋಳಿಯ ಮೊಟ್ಟೆಯ ಹಳದಿಯನ್ನು ಬೆಲ್ಲ ಹಾಕಿ ಕಡೆದು, ಮೇಲೆ ಎರಡು ಚಮಚ ಬ್ರಾಂಡಿ ಬಿಟ್ಟು ಕುಡಿಸುತ್ತಿದ್ದರು. ಗುಲಾಬಿಗೆ ಅವಳ ತಾಯಿ ನಲವತ್ತು ದಿನ ಕುಡಿಸಿದ್ದಳಂತೆ. ಲೆಕ್ಕ ಹಾಕಿ ನೋಡಿದೆವು. ನಮ್ಮ ದೊಡ್ಡ ಮಗಳು ಹುಟ್ಟಿದ್ದು ಯುಗಾದಿಯ ಆಚೀಚೆ. ನಾನು ಆಗ ಒಟ್ಟೊನ ಜೊತೆ ಚಳಿಯ ಸಮುದ್ರದಲ್ಲಿ ಈಸ್ಟರಿನ ಗ್ಲಾಸು ನೆಕ್ಕುತ್ತಿದ್ದೆ. ಮಗಳು ಹುಟ್ಟಿದ ಪತ್ರ ನನಗೆ ತಲುಪುವಾಗ ಅವಳು ಬೋರಲು ಬಿದ್ದಾಗಿತ್ತು. ಆ ದಿನಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಒಂದೇ ಪದಾರ್ಥವನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದೆವು. ಜರ್ಮನರ ಮದ್ಯ, ಒಟ್ಟೊನ ಗುಟ್ಟು ಎಂದೆಲ್ಲ ನಾನು ಊರು ತುಂಬ ಜಂಬ ಕೊಚ್ಚಿದ್ದು ನನ್ನ ಅತ್ತೆಯ ಅಡುಗೆಮನೆಯಲ್ಲಿ ಮೊದಲೇ ಇತ್ತು.

“ಆರೆ ಅಬ್ಬಿ ಕಾಳ್‌ಮೆಣ್ಸ್ ಹಾಕ್ತಿದ್ದಳ್. ನಿಮ್ದ್ರಗೆ ಅದೊಂದ್ ಇಲ್ಲೆ. ನಿಲ್ಲಿ, ಬತ್ತೆ,” ಎಂದು ಬಾಟಲಿ ಸಮೇತ ಒಳಗೆ ಹೋದಳು. ಕುಟ್ಟುವ ಸದ್ದು ಕೇಳಿತು. ಎರಡು ಬಟ್ಟಲಿಗೆ ಸುರಿದು ತಂದಳು. ಒಂದು ನನ್ನ ಕೈಗಿತ್ತು, ಇನ್ನೊಂದು ತನಗಿಟ್ಟುಕೊಂಡು ಚಮಚದಲ್ಲಿ ತಿನ್ನತೊಡಗಿದಳು. ಇಪ್ಪತ್ತಾರು ವರ್ಷದ ಮೇಲೆ, ನನ್ನ ಕೈಯದನ್ನು, ಚಮಚದ ಮೇಲೆ ಚಮಚ. ನಾನು ಅದನ್ನೇ ನೋಡುತ್ತ, ಗೆದ್ದೆನೆಂದು ಬೀಗುತ್ತ, ನನ್ನ ಬಟ್ಟಲಿನದ್ದನ್ನು ಒಂದೇ ಸಲ ಬಾಯಿಗೆ ಸುರಿದುಕೊಂಡೆ.

ಕಾಳುಮೆಣಸಲ್ಲ. ಜೀರಿಗೆ ಮೆಣಸು. ಅರೆದದ್ದು.

ಕಿವಿಯಿಂದ ಹೊಗೆ ಬಂತು. ಕಣ್ಣಿನಿಂದ ನೀರು ಧಾರೆ ಧಾರೆ. ಗುಲಾಬಿ ತನ್ನ ಬಟ್ಟಲು ಕೆಳಗಿಡದೆ ಫೋನು ಕಿವಿಗೆ ಹಿಡಿದು ತಂಗಿಗೆ ಹೇಳುತ್ತಿದ್ದಳು, “ಸುಶೀಲಾ, ನಿನ್ ಭಾವ ಮರ್ಕ್ತಾ ಇದ್ರ್. ಎಂತಕೆ ಅಂದ್ ಕೇಣ್ಬೇಡ, ಪ್ರೀತಿ ಜಾಸ್ತಿ ಆಯ್ತ್ ಕಾಣ್.”

ನೀರಿನ ತಂಬಿಗೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾನು ಅದರ ಕಡೆ ನೋಡಲಿಲ್ಲ. ಅವಳು ಅಂದು ಕೇಳಲಿಲ್ಲ, ನಾನು ಇಂದು ಕೇಳುತ್ತೇನೆಯೇ? ಚಾವಡಿಯ ಕಂಬ ಹಿಡಿದುಕೊಂಡೆ, ಮೂಗು ಒರೆಸಿಕೊಂಡೆ, ಬಟ್ಟಲು ಮುಂದೆ ಚಾಚಿ ಇನ್ನೊಂದು ಚಮಚ ಹಾಕು ಎಂದೆ.